ಬೆಳಕಿಗೆ ಗುರಿ ಯಾವುದು?

ಲೇಸರ್ ಎಂಬ ಮಾತು ಮಂಗಳೂರಿನ ದೊಡ್ಡ ಆಸ್ಪತ್ರೆಗಳ ಬಾಗಿಲು ದಾಟಿ ನಮ್ಮ ಸಣ್ಣ ಪೇಟೆಗಳಿಗೂ ಬಂದಿದೆ. ಉಪ್ಪಿನಂಗಡಿ, ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಮಗಳ ಮದುವೆ ನಿಶ್ಚಯವಾದರೆ ಚಿನ್ನ, ಸೀರೆ, ಹಾಲ್‌ನ ಲೆಕ್ಕದ ಜೊತೆಗೆ ಮುಖದ ಕಲೆಗೆ, ಗದ್ದದ ಕೂದಲಿಗೆ ಲೇಸರ್ ಮಾಡಿಸುವುದೋ ಬೇಡವೋ ಎಂಬ ಪ್ರಶ್ನೆಯೂ ಸೇರಿಕೊಂಡಿದೆ. ಮೊಬೈಲ್ ತೆರೆದರೆ ಇಷ್ಟು ಸಿಟ್ಟಿಂಗಿಗೆ ಇಷ್ಟು ರೂಪಾಯಿ ಎಂಬ ಜಾಹೀರಾತು. ಮನೆಯಲ್ಲೇ ಹಿಡಿದು ಬಳಸುವ ಯಂತ್ರ ಬೇಕೆಂದರೆ ಅದು ಕೊರಿಯರ್‌ನಲ್ಲಿ ಬಾಗಿಲಿಗೇ ಬರುತ್ತದೆ. ಈ ಚಿಕಿತ್ಸೆಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳುತ್ತದೆ. ಎಲ್ಲವನ್ನೂ ಅಳಿಸಿಹಾಕುವ ಪವಾಡ ಅದು ಎನ್ನುವವರು ಕೆಲವರು. ಮುಖ ಸುಡುತ್ತದೆ, ಮುಂದೆ ಕ್ಯಾನ್ಸರ್ ಬರುತ್ತದೆ, ಹತ್ತಿರ ಹೋಗಬೇಡಿ ಎನ್ನುವವರು ಇನ್ನು ಕೆಲವರು. ಇಬ್ಬರೂ ಬೆಳಕಿನ ಚಿಕಿತ್ಸೆಯನ್ನು ಒಂದೇ ವಸ್ತು ಎಂದು ಭಾವಿಸಿದ್ದಾರೆ. ಅದು ಹತ್ತಾರು ಬೇರೆ ಬೇರೆ ಯಂತ್ರಗಳ, ಬೇರೆ ಬೇರೆ ತರಂಗಾಂತರಗಳ ಗುಂಪು. ಅವುಗಳ ಲಾಭ-ಅಪಾಯವನ್ನು ತೂಗಲು ಒಂದು ಪ್ರಶ್ನೆ ಬಹುತೇಕ ಸಾಕಾಗುತ್ತದೆ: ಚರ್ಮದೊಳಗೆ ಈ ಬೆಳಕಿಗೆ ಗುರಿ ಯಾವುದು, ಆ ಗುರಿಯನ್ನು ನನ್ನ ಚರ್ಮದ ಸಹಜ ಬಣ್ಣದಿಂದ ಬೇರೆಯಾಗಿ ಗುರುತಿಸಲು ಅದಕ್ಕೆ ಸಾಧ್ಯವೇ? ಸಾಧ್ಯ ಎಂದಾದಲ್ಲಿ ಈ ಚಿಕಿತ್ಸೆಗಳು ಬದುಕನ್ನೇ ಹಗುರ ಮಾಡಿವೆ. ಸಾಧ್ಯವಿಲ್ಲದ ಕಡೆ ಹಣ ಕೊಟ್ಟು ಹೊಸ ಕಲೆ ತಂದುಕೊಂಡಂತಾಗುತ್ತದೆ.

ಬೆಳಕಿನಿಂದ ಚರ್ಮದ ಕಾಯಿಲೆ ಗುಣಪಡಿಸುವ ಪ್ರಯತ್ನಕ್ಕೆ ಶತಮಾನ ದಾಟಿದೆ. ಚರ್ಮದ ಕ್ಷಯಕ್ಕೆ ಸಾಂದ್ರಗೊಳಿಸಿದ ಬೆಳಕನ್ನು ಬಳಸಿದ್ದಕ್ಕಾಗಿ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ 1903ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. 1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊರಡಿಸಿದ ಕೆಲವೇ ವರ್ಷಗಳಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪ್ರಯೋಗಿಸಿದರು. ಮೊಡವೆಯ ಗುಳಿಗಳಿಗೆ ಇಂದಿಗೂ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ.ಕೆ.ಎನ್. ಪಟೇಲ್. ಆದರೆ ಆ ಮೊದಲ ಕಾಲದ ಲೇಸರುಗಳಿಗೆ ವಿವೇಚನೆ ಇರಲಿಲ್ಲ. ಮುಖದ ಕೆಂಪು ಹುಟ್ಟುಮಚ್ಚೆಗೆ 1970ರ ದಶಕದಲ್ಲಿ ಆರ್ಗಾನ್ ಲೇಸರ್ ಹಾಯಿಸಿದಾಗ ಮಚ್ಚೆ ತಿಳಿಯಾದರೂ ಬಿಸಿ ಸುತ್ತಲಿನ ಚರ್ಮಕ್ಕೆ ಹರಡಿ ಹಲವರಿಗೆ ಗಾಯದ ಗುರುತು ಉಳಿಯಿತು. ಚಿತ್ರವನ್ನು ಬದಲಿಸಿದ್ದು 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಅವರ ಪ್ರಬಂಧ. ಅವರ ಮಾತಿನ ಸಾರ ಇಷ್ಟು: ಗುರಿಯಾದ ವಸ್ತು ಮಾತ್ರ ಹೆಚ್ಚಾಗಿ ಹೀರುವಂಥ ಬಣ್ಣದ ಬೆಳಕನ್ನು ಆರಿಸಬೇಕು, ಆ ವಸ್ತು ಪಡೆದ ಬಿಸಿ ಪಕ್ಕಕ್ಕೆ ಹರಿಯುವ ಮೊದಲೇ ಬೆಳಕನ್ನು ನಿಲ್ಲಿಸಬೇಕು. ಕೂದಲ ಬುಡಕ್ಕೆ ಸೆಕೆಂಡಿನ ಸಾವಿರದ ಕೆಲವು ಭಾಗ ಸಾಕು. ಹಚ್ಚೆಯ ಶಾಯಿಯ ಕಣಕ್ಕಾದರೆ ಸೆಕೆಂಡಿನ ಶತಕೋಟಿ ಭಾಗದ ಲೆಕ್ಕ. ಇಂದು ಸೌಂದರ್ಯ ಚಿಕಿತ್ಸೆಯಲ್ಲಿರುವ ಬಹುಪಾಲು ಲೇಸರುಗಳು ಈ ಒಂದು ತತ್ವದ ಮೇಲೆ ನಿಂತಿವೆ. ಹಾಗಾಗಿ ಗುರಿ ಯಾವುದೆಂದು ಕೇಳುವುದು ರೋಗಿಯ ಅಧಿಕಪ್ರಸಂಗವಲ್ಲ. ಯಂತ್ರ ತಯಾರಾದದ್ದೇ ಆ ಪ್ರಶ್ನೆಗೆ ಉತ್ತರವಾಗಿ.

ಇನ್ನು ನಮ್ಮ ಚರ್ಮದ ವಿಷಯ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ದ್ರವ್ಯ ಹೊರಪದರದಲ್ಲಿರುತ್ತದೆ. ಕೂದಲ ಬುಡ, ರಕ್ತನಾಳ, ಹಚ್ಚೆಯ ಶಾಯಿ ಅದಕ್ಕಿಂತ ಕೆಳಗೆ. ಬೆಳಕು ಗುರಿ ಮುಟ್ಟಬೇಕಾದರೆ ಈ ಪದರವನ್ನು ದಾಟಿಯೇ ಹೋಗಬೇಕು. ಅಂಗಳದಲ್ಲಿ ಬಿಳಿ ಬಟ್ಟೆಯನ್ನೂ ಕಪ್ಪು ಬಟ್ಟೆಯನ್ನೂ ಒಟ್ಟಿಗೆ ಹರವಿದರೆ ಕಪ್ಪು ಬಟ್ಟೆ ಹೇಗೆ ಬೇಗ ಬಿಸಿಯಾಗುತ್ತದೋ ಹಾಗೆ, ಹೆಚ್ಚು ಮೆಲನಿನ್ ಇರುವ ಚರ್ಮ ದಾರಿಯಲ್ಲೇ ಬೆಳಕನ್ನು ಹಿಡಿದು ತಾನೇ ಬಿಸಿಯಾಗುತ್ತದೆ. ಪರಿಣಾಮವಾಗಿ ಮೇಲ್ಗಡೆ ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ನಿಲ್ಲುವ ಕಪ್ಪು ಕಲೆ, ಕೆಲವೊಮ್ಮೆ ಬಣ್ಣವೇ ಹೋದ ಬಿಳಿ ಚುಕ್ಕೆ. ಚರ್ಮದ ಬಣ್ಣವನ್ನು ಆರು ವಿಧವಾಗಿ ವಿಂಗಡಿಸುವ ಫಿಟ್ಸ್‌ಪ್ಯಾಟ್ರಿಕ್ ಮಾಪಕವನ್ನು ಎಲ್ಲ ಚರ್ಮವೈದ್ಯರೂ ಬಳಸುತ್ತಾರೆ. 1975ರಲ್ಲಿ ಅದು ಹುಟ್ಟಿದಾಗ ಅದರಲ್ಲಿ ಇದ್ದದ್ದು ಬಿಳಿ ಚರ್ಮದ ನಾಲ್ಕು ವಿಧ ಮಾತ್ರ. ಕಂದು ಮತ್ತು ಕಪ್ಪು ಚರ್ಮದ ಐದನೆಯ, ಆರನೆಯ ವಿಧಗಳನ್ನು ಆಮೇಲೆ ಸೇರಿಸಲಾಯಿತು. ಭಾರತೀಯರಲ್ಲಿ ಹೆಚ್ಚಿನವರು ನಾಲ್ಕು ಮತ್ತು ಐದನೆಯ ವಿಧಕ್ಕೆ ಸೇರಿದವರು. ಯಂತ್ರಗಳ ಕಥೆಯೂ ಹೀಗೆಯೇ. 1990ರ ದಶಕದಲ್ಲಿ ಕೂದಲು ತೆಗೆಯಲು ಬಂದ 694 ನ್ಯಾನೋಮೀಟರಿನ ರೂಬಿ ಲೇಸರ್ ಬಿಳಿ ಚರ್ಮದ ಕಪ್ಪು ಕೂದಲಿಗೆ ಹೇಳಿಮಾಡಿಸಿದಂತಿತ್ತು; ಕಂದು ಚರ್ಮದಲ್ಲಿ ಸುಡುತ್ತಿತ್ತು. ತರಂಗಾಂತರ ಉದ್ದವಾದಂತೆ ಮೆಲನಿನ್ ಹೀರುವುದು ಕಡಿಮೆ, ಬೆಳಕು ಇಳಿಯುವ ಆಳ ಹೆಚ್ಚು. ಅದಕ್ಕೇ ನಮ್ಮಂಥ ಚರ್ಮಕ್ಕೆ 800ರ ಆಸುಪಾಸಿನ ಡಯೋಡ್, ಇನ್ನೂ ಗಾಢ ಬಣ್ಣಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಹೆಚ್ಚು ಸುರಕ್ಷಿತ. ಐಪಿಎಲ್ ಎಂಬುದು ಲೇಸರ್ ಅಲ್ಲ. ಸುಮಾರು 500ರಿಂದ 1200 ನ್ಯಾನೋಮೀಟರಿನವರೆಗಿನ ಬೆಳಕನ್ನು ಒಟ್ಟಿಗೆ ಹರಿಸಿ ಫಿಲ್ಟರಿನಿಂದ ಸೋಸುವ ದೀಪ ಅದು; ಸೋಸುವುದರಲ್ಲಿ ತಪ್ಪಿದರೆ ಕಂದು ಚರ್ಮಕ್ಕೆ ಬೇಗ ಏಟು ಬೀಳುತ್ತದೆ. ಎರಡನ್ನೂ ‘ಲೇಸರ್’ ಎಂಬ ಒಂದೇ ಫಲಕದಡಿ ಮಾರುವ ಕಡೆ ಯಾವ ಯಂತ್ರ, ಎಷ್ಟು ತರಂಗಾಂತರ ಎಂದು ಕೇಳಲೇಬೇಕು.

ಗುರಿ ಸ್ಪಷ್ಟವಾಗಿರುವ ಕಡೆ ಬೆಳಕು ಎಷ್ಟು ಉಪಕಾರಿ ಎಂಬುದಕ್ಕೆ ಹೆಣ್ಣುಮಕ್ಕಳ ಮುಖದ ಕೂದಲು ಒಳ್ಳೆಯ ಉದಾಹರಣೆ. ಪಿಸಿಒಎಸ್ ಎಂಬ ಹಾರ್ಮೋನಿನ ಏರುಪೇರು ಇರುವ ಹುಡುಗಿಯರ ಗದ್ದ, ಮೇಲ್ತುಟಿ, ಕತ್ತಿನಲ್ಲಿ ದಪ್ಪ ಕಪ್ಪು ಕೂದಲು ಬರುತ್ತದೆ. ದಿನ ಬಿಟ್ಟು ದಿನ ಕೀಳುವುದು, ಬ್ಲೇಡು ಹಾಯಿಸುವುದು, ಕಾಲೇಜಿಗೆ ವೇಲಿನಿಂದ ಗದ್ದ ಮುಚ್ಚಿಕೊಂಡು ಹೋಗುವುದು, ಇವನ್ನೆಲ್ಲ ಬರಿಯ ಅಲಂಕಾರದ ಚಿಂತೆ ಎಂದು ತಳ್ಳಿಹಾಕುವುದು ಕ್ರೂರವಾಗುತ್ತದೆ. ಇಲ್ಲಿ ಗುರಿ ಕೂದಲ ಬುಡದ ಕಪ್ಪು. ನಾಲ್ಕರಿಂದ ಆರು ವಾರದ ಅಂತರದಲ್ಲಿ ಆರೆಂಟು ಸಿಟ್ಟಿಂಗ್ ಆದಮೇಲೆ ಕೂದಲು ಬಹಳ ಕಡಿಮೆಯಾಗುತ್ತದೆ, ಉಳಿದದ್ದು ತೆಳುವಾಗುತ್ತದೆ. ‘ಶಾಶ್ವತವಾಗಿ ಕೂದಲೇ ಇಲ್ಲ’ ಎಂಬ ಮಾತು ಮಾತ್ರ ಸುಳ್ಳು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಈ ಯಂತ್ರಗಳಿಗೆ ಕೂದಲು ‘ಶಾಶ್ವತವಾಗಿ ಕಡಿಮೆಯಾಗುತ್ತದೆ’ ಎಂದು ಹೇಳಿಕೊಳ್ಳಲಷ್ಟೇ ಅವಕಾಶ ಕೊಟ್ಟಿದೆ. ಹಾರ್ಮೋನಿನ ಏರುಪೇರು ಹಾಗೆಯೇ ಉಳಿದರೆ ಹೊಸ ಕೂದಲು ಬರುತ್ತಲೇ ಇರುತ್ತದೆ, ಆದ್ದರಿಂದ ಮದ್ದು ಮತ್ತು ಬೆಳಕು ಜೊತೆಜೊತೆಗೆ ಸಾಗಬೇಕು. ಬಿಳಿ ಕೂದಲಿನಲ್ಲಿ ಮೆಲನಿನ್ ಇಲ್ಲ, ಬೆಳಕಿಗೆ ಗುರಿಯೂ ಇಲ್ಲ. ಐವತ್ತು ದಾಟಿದ ಹೆಂಗಸಿಗೆ ನರೆತ ಕೂದಲಿಗಾಗಿ ಹತ್ತು ಸಿಟ್ಟಿಂಗಿನ ಪ್ಯಾಕೇಜು ಮಾರಿದರೆ ಅದು ಮೋಸ. ಇನ್ನೊಂದು ಅಪಾಯವನ್ನು ಮೊದಲೇ ತಿಳಿದಿರಬೇಕು. ದಕ್ಷಿಣ ಏಷ್ಯಾದವರಲ್ಲಿ, ಅದರಲ್ಲೂ ಮುಖದ ಅಂಚಿನಲ್ಲಿ, ಕತ್ತಿನಲ್ಲಿ, ಬುಡವನ್ನು ನಾಶಮಾಡಲು ಸಾಲದ ಮೆತ್ತನೆಯ ಬೆಳಕು ಬಿದ್ದಾಗ ಕೆಲವರಿಗೆ ಕೂದಲು ಇನ್ನಷ್ಟು ಬೆಳೆಯುವುದುಂಟು. ಕೆನ್ನೆಯ ನಯವಾದ ರೋಮಕ್ಕೆ ಲೇಸರ್ ಬೇಡ ಎಂದು ಅನುಭವಿ ವೈದ್ಯರು ಹೇಳುವುದು ಈ ಕಾರಣಕ್ಕೆ.

ಕೆಲವು ಮಚ್ಚೆಗಳಲ್ಲೂ ಗುರಿ ಹೀಗೆಯೇ ಸ್ಪಷ್ಟ. ಹುಟ್ಟಿನಿಂದಲೋ ಹರೆಯದಲ್ಲೋ ಕಣ್ಣಿನ ಸುತ್ತ, ಕೆನ್ನೆಯ ಮೇಲೆ ಒಂದೇ ಬದಿಗೆ ಕಾಣಿಸಿಕೊಳ್ಳುವ ನೀಲಿಬೂದು ಮಚ್ಚೆಯನ್ನು ಜಪಾನಿನ ವೈದ್ಯ ಓಟ 1939ರಲ್ಲಿ ವಿವರಿಸಿದರು. ಏಷ್ಯಾದ ಜನರಲ್ಲಿ ಅದು ಹೆಚ್ಚು. ಯಾವ ಮುಲಾಮಿಗೂ ಬಗ್ಗದ ಆ ಮಚ್ಚೆ ಚರ್ಮದ ಆಳದಲ್ಲಿ ಕುಳಿತ ಬಣ್ಣದ ಕೋಶಗಳಿಂದ ಆದದ್ದು. ಸೆಕೆಂಡಿನ ಶತಕೋಟಿ ಭಾಗದ ಲೆಕ್ಕದಲ್ಲಿ ಹೊಡೆಯುವ ಕ್ಯೂ-ಸ್ವಿಚ್ ಲೇಸರ್ ಅದನ್ನು ಹಲವು ಸಿಟ್ಟಿಂಗುಗಳಲ್ಲಿ ಬಹುಪಾಲು ಅಳಿಸುತ್ತದೆ. ಚರ್ಮಚಿಕಿತ್ಸೆಯ ದೊಡ್ಡ ಗೆಲುವುಗಳಲ್ಲಿ ಇದೂ ಒಂದು. ಮಕ್ಕಳ ಮುಖದ ಕೆಂಪು ಹುಟ್ಟುಮಚ್ಚೆಗೆ 595 ನ್ಯಾನೋಮೀಟರಿನ ಡೈ ಲೇಸರ್ ಇದೆ, ಅಲ್ಲಿ ಗುರಿ ರಕ್ತದ ಕೆಂಪು. ಪೂರ್ತಿ ಹೋಗುವುದು ಅಪರೂಪವಾದರೂ ಬೇಗ ಶುರುಮಾಡಿದವರಲ್ಲಿ ಚೆನ್ನಾಗಿ ತಿಳಿಯಾಗುತ್ತದೆ. ಹಚ್ಚೆಯ ವಿಷಯದಲ್ಲಿ ಕಪ್ಪು, ಕಡುನೀಲಿ ಶಾಯಿ ಸುಲಭ. ಹಸಿರು, ಹಳದಿ ಕಷ್ಟ. ಹಚ್ಚೆಗೆ ನಿರ್ಬಂಧವಿರುವ ಸೇನೆಗೆ ಸೇರಬೇಕೆಂದಿರುವ ಹುಡುಗರು ಮೊದಲೇ ಯೋಚಿಸುವುದು ಒಳ್ಳೆಯದು, ಏಕೆಂದರೆ ಭರ್ತಿಯ ದಿನ ಗೊತ್ತಾದ ಮೇಲೆ ಓಡಿದರೆ ಒಂದೆರಡು ಸಿಟ್ಟಿಂಗಿನಲ್ಲಿ ಹಚ್ಚೆ ಹೋಗುವುದಿಲ್ಲ. ಮೊಡವೆಯ ಗುಳಿಗಳಿಗೆ 2004ರಿಂದೀಚೆ ಬಂದ ಫ್ರ್ಯಾಕ್ಷನಲ್ ಲೇಸರ್, ಚರ್ಮವನ್ನು ಪೂರ್ತಿ ಸುಡದೆ ಸೂಜಿಮೊನೆಯಷ್ಟು ಸಣ್ಣ ಕಂಬಗಳಲ್ಲಿ ಮಾತ್ರ ಬಿಸಿಮಾಡಿ ನಡುವಿನ ಆರೋಗ್ಯವಂತ ಚರ್ಮದಿಂದ ಗಾಯ ಮಾಯುವಂತೆ ಮಾಡುತ್ತದೆ. ಗುಳಿ ತಗ್ಗುತ್ತದೆ, ಮಾಯವಾಗುವುದಿಲ್ಲ. ನಮ್ಮ ಚರ್ಮದಲ್ಲಿ ಅದರ ಬೆನ್ನಿಗೆ ಕೆಲವು ವಾರ ಅಥವಾ ತಿಂಗಳ ಕಪ್ಪು ಬರುವ ಸಂಭವವೂ ಇದೆ. ಗಾಯವಾದರೆ ಗಡ್ಡೆಕಟ್ಟಿ ಉಬ್ಬುವ ಸ್ವಭಾವದವರು, ಅಂದರೆ ಕೀಲಾಯ್ಡ್ ಇರುವವರು, ಅದನ್ನು ವೈದ್ಯರಿಗೆ ಹೇಳದೆ ಮಂಚ ಹತ್ತಬಾರದು.

ಈಗ ಬಂಗು. ನಮ್ಮ ಊರಿನ ಹೆಂಗಸರು ಲೇಸರ್ ಬಗ್ಗೆ ವಿಚಾರಿಸುವಾಗ ಅವರ ಮನಸ್ಸಿನಲ್ಲಿ ಹೆಚ್ಚಾಗಿ ಇರುವುದು ಇದೇ, ಮತ್ತು ನಿರಾಸೆಯಾಗುವುದೂ ಇಲ್ಲಿಯೇ. ಕೆನ್ನೆ, ಮೂಗು, ಹಣೆಯ ಮೇಲೆ ಎರಡೂ ಬದಿ ಹರಡುವ ಈ ಕಂದು ಛಾಯೆ ಬಸುರಿನಲ್ಲಿ, ಗರ್ಭನಿರೋಧಕ ಗುಳಿಗೆಯಿಂದ, ವಂಶದಿಂದ ಬರುತ್ತದೆ; ಬಿಸಿಲು ಅದನ್ನು ಕೆದಕುತ್ತಲೇ ಇರುತ್ತದೆ. ಬಂಗಿನಲ್ಲಿ ಬೆಳಕಿಗೆ ಸಿಗುವ ಗುರಿ ಮೆಲನಿನ್ ಎಂಬುದು ನಿಜ. ಆದರೆ ಅದು ಹೊರಗಿನಿಂದ ಬಂದ ಶಾಯಿಯಂತೆ ಬೇರೆ ನಿಂತ ವಸ್ತುವಲ್ಲ. ಅದೇ ಚರ್ಮದ ಬಣ್ಣದ ಕೋಶಗಳು ಕೆರಳಿ ಹೆಚ್ಚು ಬಣ್ಣ ಮಾಡುತ್ತಿವೆ. ಇರುವ ಬಣ್ಣವನ್ನು ಒಡೆದರೂ ಮಾಡುವ ಕೋಶ ಅಲ್ಲೇ ಇರುತ್ತದೆ, ಬೆಳಕಿನ ಬಿಸಿಯಿಂದ ಇನ್ನಷ್ಟು ಕೆರಳಲೂಬಹುದು. ಅದಕ್ಕೇ ಮೂರು ಸಿಟ್ಟಿಂಗಿಗೆ ತಿಳಿಯಾದ ಮುಖ ಆರು ತಿಂಗಳಲ್ಲಿ ಮೊದಲಿಗಿಂತ ಕಪ್ಪಾಗುವ ಪ್ರಸಂಗಗಳು ನಡೆಯುತ್ತವೆ. ಕಡಿಮೆ ಶಕ್ತಿಯ ಲೇಸರನ್ನು ಪದೇ ಪದೇ ಹಾಯಿಸುವ ‘ಟೋನಿಂಗ್’ ಪೂರ್ವ ಏಷ್ಯಾದಿಂದ ಹಬ್ಬಿ ನಮ್ಮಲ್ಲಿಗೂ ಬಂತು. ಅದರ ಬೆನ್ನಿಗೇ ಕೆನ್ನೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಗಳು ಬಿದ್ದ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ಬಂಗಿಗೆ ಮೊದಲ ಚಿಕಿತ್ಸೆ ಬಿಸಿಲ ತಡೆ ಮತ್ತು ವೈದ್ಯರು ಲೆಕ್ಕ ಹಾಕಿ ಕೊಡುವ ಮುಲಾಮು, ಬೇಕಾದವರಿಗೆ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ. ಲೇಸರ್ ಬರುವುದು ಇವೆಲ್ಲ ಸೋತಮೇಲೆ, ಅದೂ ಎಚ್ಚರಿಕೆಯಿಂದ. ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ ಎಂದು ಈಗ ಗೊತ್ತಾಗಿದೆ. ಆದ್ದರಿಂದ ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನು ಬಿಳಿ ಕ್ರೀಮಿಗಿಂತ ಮೇಲು. ತೋಟಕ್ಕೆ ಇಳಿಯುವಾಗ ತಲೆಗೊಂದು ಮುಟ್ಟಾಳೆಯೋ ಅಗಲ ಅಂಚಿನ ಟೊಪ್ಪಿಯೋ ಇದ್ದರೆ ಸಾವಿರಾರು ರೂಪಾಯಿಯ ಸಿಟ್ಟಿಂಗಿಗಿಂತ ಹೆಚ್ಚು ಉಪಕಾರ.

ಗುರಿಯೇ ಇಲ್ಲದ ಚಿಕಿತ್ಸೆ ಎಂದರೆ ಬಿಳಿಯಾಗಲು ಮಾಡಿಸುವ ಲೇಸರ್. ಕಲೆಯಿಲ್ಲದ, ಕಾಯಿಲೆಯಿಲ್ಲದ ಕಂದು ಚರ್ಮದಲ್ಲಿ ಬೆಳಕು ಹೊಡೆಯಬೇಕಾದದ್ದು ಆ ಚರ್ಮದ ಸ್ವಂತ ಬಣ್ಣವನ್ನೇ. ಬೇರ್ಪಡಿಸುವ ತತ್ವ ಅಲ್ಲಿ ಮುರಿದುಬೀಳುತ್ತದೆ. ಉಳಿಯುವುದು ಅಪಾಯ ಮಾತ್ರ. ಮೆಲನಿನ್ ನಮ್ಮ ಅಕ್ಷಾಂಶದ ಬಿಸಿಲಿಗೆ ದೇಹ ಕಟ್ಟಿಕೊಂಡ ರಕ್ಷಣೆ. ಹದಿಮೂರು ಡಿಗ್ರಿ ಉತ್ತರಕ್ಕೂ ಕಡಿಮೆ ಇರುವ ನಮ್ಮ ಸೀಮೆಯಲ್ಲಿ ಮಾರ್ಚ್, ಏಪ್ರಿಲಿನ ನಡುಹಗಲಿನ ಅತಿನೇರಳೆ ಸೂಚ್ಯಂಕ ಅಪಾಯದ ಅತ್ಯುನ್ನತ ದರ್ಜೆಗೆ ಏರುತ್ತದೆ. ಅಂಥಲ್ಲಿ ಆ ರಕ್ಷಣೆಯನ್ನು ಕರಗಿಸಲು ಹಣ ತೆರುವುದರಲ್ಲಿ ಅರ್ಥವಿಲ್ಲ. ಬಿಳಿ ಬಣ್ಣದ ಆಸೆಗೆ ನಮ್ಮ ಸಮಾಜ ಕೊಟ್ಟ ಬೆಲೆ ಲೇಸರಿಗೆ ಸೀಮಿತವಾಗಿಲ್ಲ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಸ್ಟೀರಾಯ್ಡ್ ಮುಲಾಮನ್ನು ಫೇರ್‌ನೆಸ್ ಕ್ರೀಮಿನಂತೆ ವರ್ಷಗಟ್ಟಲೆ ಹಚ್ಚಿ ಮುಖ ತೆಳುವಾಗಿ, ಕೆಂಪಾಗಿ, ಬಿಸಿಲು ಸೋಕಿದರೆ ಉರಿಯುವ ಸ್ಥಿತಿಗೆ ಬಂದವರು ಎಷ್ಟೋ ಮಂದಿ. ಇದರ ವಿರುದ್ಧ ಭಾರತದ ಚರ್ಮವೈದ್ಯರ ಸಂಘಟನೆ ದನಿ ಎತ್ತಿತು. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಪಟ್ಟಿಗೆ ಸೇರಿಸಿತು. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಪಾದರಸ ಬೆರೆತ ಫೇರ್‌ನೆಸ್ ಕ್ರೀಮುಗಳಿಂದ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನು ಕೋಟ್ಟಕ್ಕಲ್‌ನ ವೈದ್ಯರು 2023ರಲ್ಲಿ ಬೆಳಕಿಗೆ ತಂದರು. ಇಂಥ ಕ್ರೀಮು ಹಚ್ಚಿ ತೆಳುವಾದ ಚರ್ಮದ ಮೇಲೆ ಲೇಸರ್ ಹಾಯಿಸಿದರೆ ಸುಡುವ ಸಂಭವ ಹೆಚ್ಚಾಗುತ್ತದೆಂದೇ ತಿಳಿಯಬೇಕು. ವೈದ್ಯರು ‘ಮುಖಕ್ಕೆ ಏನು ಹಚ್ಚುತ್ತೀರಿ’ ಎಂದು ಕೇಳಿದಾಗ ನಾಚಿಕೆಯಿಂದ ಮುಚ್ಚಿಡದೆ ಟ್ಯೂಬನ್ನೇ ತೋರಿಸುವುದು ಲೇಸು.

ಈ ಎಚ್ಚರಿಕೆಯ ಮಾತುಗಳಿಗೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತು: ನೆರೆಮನೆಯವಳು ಮಾಡಿಸಿದ್ದಾಳೆ, ಅವಳಿಗೆ ಏನೂ ಆಗಿಲ್ಲ. ಆಗದಿರಬಹುದು, ಏಕೆಂದರೆ ಈ ಅಪಾಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಬಣ್ಣ ಒಂದೇ ಇದ್ದರೂ ಕಳೆದ ಒಂದು ತಿಂಗಳಲ್ಲಿ ಬಿದ್ದ ಬಿಸಿಲು, ತಿನ್ನುತ್ತಿರುವ ಮಾತ್ರೆ, ಹಚ್ಚಿದ ಕ್ರೀಮು, ಯಂತ್ರದ ಮೇಲೆ ಕೈಯಿಟ್ಟವರ ಅನುಭವ ಬೇರೆ ಬೇರೆ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ. ಕಪ್ಪು ಕಲೆ ಆ ದಿನವೇ ಕಾಣುವುದಿಲ್ಲ, ಎರಡು ಮೂರು ವಾರ ಕಳೆದು ಮೂಡುತ್ತದೆ. ನಮ್ಮ ಕಡೆ ಬಿಸಿಲಿನ ಲೆಕ್ಕವನ್ನು ವಿಶೇಷವಾಗಿ ಹಾಕಬೇಕು. ಇಲ್ಲಿ ಅಡಿಕೆಯನ್ನು ಬೇಯಿಸದೆ ಚಾಲಿ ಮಾಡುತ್ತಾರೆ. ಹಣ್ಣಡಿಕೆ ನಲವತ್ತು, ನಲವತ್ತೈದು ದಿನ ಅಂಗಳದ ಬಿಸಿಲಿನಲ್ಲಿ ಒಣಗಬೇಕು. ಹರವುವುದು, ಕೈಯಾಡಿಸುವುದು, ರಾಶಿ ಮಾಡುವುದು ಹೆಚ್ಚಾಗಿ ಮನೆಯ ಹೆಂಗಸರ ಪಾಲು. ಈ ಕೆಲಸ ಡಿಸೆಂಬರಿನಿಂದ ಬೇಸಿಗೆಯವರೆಗೆ ನಡೆಯುತ್ತದೆ. ಮದುವೆಗಳು ಏಪ್ರಿಲ್, ಮೇಯಲ್ಲಿ ಒತ್ತಾಗಿ ಬರುತ್ತವೆ. ಹಾಗಾಗಿ ಮದುಮಗಳಿಗೆಂದು ಫೆಬ್ರವರಿ, ಮಾರ್ಚಿನಲ್ಲಿ ತುರ್ತಾಗಿ ಮಾಡಿಸುವ ಲೇಸರ್ ವರ್ಷದ ಅತ್ಯಂತ ಕೆಟ್ಟ ಕಾಲದಲ್ಲಿ, ಅತ್ಯಂತ ಬಿಸಿಲುಂಡ ಚರ್ಮದ ಮೇಲೆ ನಡೆಯುತ್ತದೆ, ಮತ್ತು ಕಲೆ ಬಿದ್ದರೆ ಅದು ಮಾಸಲು ಮುಹೂರ್ತದವರೆಗೆ ಸಮಯವೂ ಇರುವುದಿಲ್ಲ. ಕೂದಲಿನ ಲೇಸರಿಗೆ ಆರು ತಿಂಗಳಿಗೂ ಹೆಚ್ಚು ಬೇಕು. ಜೂನಿನಲ್ಲಿ ಮಳೆ ಹಿಡಿದಾಗ ಶುರುಮಾಡಿ ಆಟಿ, ಸೋಣ ತಿಂಗಳುಗಳನ್ನು ದಾಟಿಸಿ ದೀಪಾವಳಿಯ ಹೊತ್ತಿಗೆ ಹೆಚ್ಚಿನ ಸಿಟ್ಟಿಂಗ್ ಮುಗಿಸಿಕೊಂಡರೆ ನಮ್ಮ ಹವೆಗೂ ನಮ್ಮ ಕೆಲಸಕ್ಕೂ ಹೊಂದುತ್ತದೆ. ಯಾವ ಜಾಹೀರಾತಿನಲ್ಲೂ ಈ ಮಾತು ಇರುವುದಿಲ್ಲ, ಏಕೆಂದರೆ ಜಾಹೀರಾತು ಬರುವುದೇ ಮದುವೆಯ ಕಾಲದಲ್ಲಿ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕ ಇದೆ. ಚರ್ಮವೈದ್ಯರು ತಮ್ಮ ವ್ಯಾಪಾರ ಉಳಿಸಿಕೊಳ್ಳಲು ಹೆದರಿಸುತ್ತಾರೆ, ಪಾರ್ಲರಿನಲ್ಲಿ ಅದೇ ಕೆಲಸ ಕಡಿಮೆ ಹಣಕ್ಕೆ, ಊರಲ್ಲೇ ಆಗುತ್ತದೆ ಎಂಬುದು. ದೂರ ಮತ್ತು ಖರ್ಚು ಸುಳ್ಳಲ್ಲ. ಉಪ್ಪಿನಂಗಡಿಯಿಂದ ಮಂಗಳೂರಿಗೆ ಐವತ್ತು ಕಿಲೋಮೀಟರಿನಷ್ಟು ದಾರಿ. ಕಡಬದ ಒಳಹಳ್ಳಿಯವರಿಗೆ ಹೋಗಿ ಬರುವಷ್ಟರಲ್ಲಿ ದಿನ ಮುಗಿಯುತ್ತದೆ. ಹಣ ಮಾಡುವುದನ್ನೇ ಗುರಿ ಮಾಡಿಕೊಂಡ ವೈದ್ಯರೂ ಇದ್ದಾರೆ, ಬಂಗಿಗೆ ಮೊದಲ ದಿನವೇ ಲೇಸರ್ ಪ್ಯಾಕೇಜು ಬರೆಯುವವರನ್ನು ಪದವಿ ನೋಡಿ ಕ್ಷಮಿಸಬೇಕಾಗಿಲ್ಲ. ಆದರೂ ಪಾರ್ಲರಿನ ಹುಡುಗಿಗೆ ತರಬೇತಿ ಕೊಡುವವನು ಯಂತ್ರ ಮಾರುವವನು. ಒಂದು ಕಲೆ ಬಂಗೋ, ಔಷಧದ ಅಲರ್ಜಿಯೋ, ಒಳರೋಗದ ಚಿಹ್ನೆಯೋ ಎಂದು ಗುರುತಿಸುವ ಹೊಣೆ ಅವಳದಲ್ಲ, ಅವಳಿಗೆ ಆ ಶಿಕ್ಷಣವನ್ನು ಯಾರೂ ಕೊಟ್ಟಿಲ್ಲ. ಸುಟ್ಟರೆ ಏನು ಮಾಡಬೇಕೆಂಬ ಔಷಧಜ್ಞಾನವೂ ಅಲ್ಲಿರುವುದಿಲ್ಲ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಅದರಡಿ ಕ್ಲಿನಿಕ್ಕು ನೋಂದಣಿಯಾಗಿರಬೇಕು. ಪಾರ್ಲರಿಗೆ ಪಂಚಾಯತಿಯ ವ್ಯಾಪಾರ ಪರವಾನಗಿ ಇದ್ದರೂ ಅದು ಚಿಕಿತ್ಸೆ ಮಾಡಲು ಕೊಟ್ಟ ಅನುಮತಿಯಲ್ಲ. ದೂರದ ಪ್ರಶ್ನೆಗೆ ಉತ್ತರವೂ ನಾವು ಅಂದುಕೊಂಡಷ್ಟು ದೂರದಲ್ಲಿಲ್ಲ. ವೈದ್ಯಕೀಯ ಕಾಲೇಜುಗಳಲ್ಲಿ ಚರ್ಮರೋಗ ವಿಭಾಗ ಇರಲೇಬೇಕು. ಮಂಗಳೂರಿನಲ್ಲಿ, ದೇರಳಕಟ್ಟೆಯಲ್ಲಿ ಹಲವಿವೆ, ಸುಳ್ಯದಲ್ಲೇ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಇದೆ. ಲೇಸರನ್ನು ಎಲ್ಲೇ ಮಾಡಿಸಿದರೂ ರೋಗನಿರ್ಣಯವನ್ನು ಮೊದಲು ಅಲ್ಲೊಂದು ಹೊರರೋಗಿ ಚೀಟಿ ಮಾಡಿಸಿ ಪಡೆದುಕೊಂಡರೆ ಅರ್ಧ ಅಪಾಯ ಕಳೆಯುತ್ತದೆ. ಚಿಕಿತ್ಸೆಯ ಜಾಗದಲ್ಲಿ ಕಿವಿಯ ಹಿಂದೆ ಅಥವಾ ದವಡೆಯ ಕೆಳಗೆ ಸಣ್ಣ ಪರೀಕ್ಷಾ ಹೊಡೆತ ಹೊಡೆದು ಕೆಲವು ದಿನ ಕಾಯುತ್ತಾರೆಯೇ, ಕಣ್ಣಿಗೆ ಆ ತರಂಗಾಂತರಕ್ಕೆ ಸರಿಹೊಂದುವ ಕನ್ನಡಕ ಕೊಡುತ್ತಾರೆಯೇ ಎಂದು ನೋಡಬೇಕು. ಹುಬ್ಬಿನ ಬಳಿ ಕನ್ನಡಕವಿಲ್ಲದೆ ಹಾಯಿಸಿದ ಬೆಳಕಿನಿಂದ ಕಣ್ಣಿಗೆ ಶಾಶ್ವತ ಹಾನಿಯಾದ ಪ್ರಕರಣಗಳು ದಾಖಲಾಗಿವೆ.

ಮನೆಯಲ್ಲಿ ಬಳಸುವ ಐಪಿಎಲ್ ಯಂತ್ರಗಳು ಕ್ಲಿನಿಕ್ಕಿನವುಗಳಿಗಿಂತ ದುರ್ಬಲ, ಅದೇ ಅವುಗಳ ಸುರಕ್ಷತೆ, ಅದೇ ಅವುಗಳ ಮಿತಿ. ಒಳ್ಳೆಯ ತಯಾರಕರು ಡಬ್ಬಿಯಲ್ಲೇ ಬಣ್ಣದ ಪಟ್ಟಿ ಮುದ್ರಿಸಿ, ಅತಿ ಗಾಢ ಚರ್ಮಕ್ಕೆ ಬಳಸಬೇಡಿ ಎಂದು ಬರೆದಿರುತ್ತಾರೆ. ಬಣ್ಣ ಗುರುತಿಸಿ ತಾನೇ ನಿಲ್ಲುವ ಸಂವೇದಕವನ್ನೂ ಇಟ್ಟಿರುತ್ತಾರೆ. ಅಗ್ಗದ ನಕಲಿಗಳಲ್ಲಿ ಇವೆರಡೂ ಇರುವುದಿಲ್ಲ. ಮುಖವಾಡದಂತೆ ಧರಿಸುವ ಎಲ್‌ಇಡಿ ಸಾಧನಗಳು ಸುಡುವುದಿಲ್ಲ ಎಂಬ ಕಾರಣಕ್ಕೆ ನಿರಪಾಯ ಎಂದು ಪ್ರಚಾರ ಪಡೆದಿವೆ. ಸಣ್ಣ ಪ್ರಮಾಣದ ಮೊಡವೆಗೆ ನೀಲಿ, ಕೆಂಪು ಬೆಳಕಿನಿಂದ ಸ್ವಲ್ಪ ಉಪಯೋಗ ಕಂಡಿದೆ. ಆದರೆ ನೀಲಿ-ನೇರಳೆ ಬೆಳಕು ಗಾಢ ಚರ್ಮದಲ್ಲಿ ವಾರಗಟ್ಟಲೆ ನಿಲ್ಲುವ ಕಪ್ಪನ್ನು ತರುತ್ತದೆ, ಕೆಂಪು ಬೆಳಕು ತರುವುದಿಲ್ಲ ಎಂದು 2014ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ಬಂಗು ಇರುವವರು ಮೊಡವೆಗೆಂದು ನೀಲಿ ಬೆಳಕಿನ ಮುಖವಾಡ ಹಾಕಿಕೊಳ್ಳುವುದು ಆದ್ದರಿಂದ ಬೇಡ.

ಕ್ಯಾನ್ಸರಿನ ಭಯಕ್ಕೂ ನೇರ ಉತ್ತರ ಕೊಡಬೇಕು. ಕೂದಲು, ಕಲೆ, ಹಚ್ಚೆಗೆ ಬಳಸುವ ಲೇಸರ್ ಮತ್ತು ಐಪಿಎಲ್ ಕಣ್ಣಿಗೆ ಕಾಣುವ ಬೆಳಕು, ಇಲ್ಲವೆ ಅದರಾಚೆಯ ಅವಗೆಂಪು. ಅವು ಎಕ್ಸ್-ರೇಯಂತೆ ಕೋಶದ ವಂಶವಾಹಿಯನ್ನು ಒಡೆಯುವ ಕಿರಣಗಳಲ್ಲ. ದಶಕಗಳ ಬಳಕೆಯಲ್ಲಿ ಅವುಗಳಿಂದ ಚರ್ಮದ ಕ್ಯಾನ್ಸರ್ ಬಂದ ಪುರಾವೆ ಸಿಕ್ಕಿಲ್ಲ. ನಿಜವಾದ ಅಪಾಯ ಬೇರೆ ಕಡೆ ಇದೆ. ಒಂದು ಮಚ್ಚೆ ಬೆಳೆಯುತ್ತಿದ್ದರೆ, ಅಂಚು ಒರಟಾಗಿದ್ದರೆ, ಬಣ್ಣ ಬದಲಾಗುತ್ತಿದ್ದರೆ ಅದು ಮೆಲನೋಮ ಎಂಬ ಕ್ಯಾನ್ಸರ್ ಆಗಿರುವ ಸಾಧ್ಯತೆ ಇದೆ. ಅದರ ಮೇಲ್ಭಾಗವನ್ನು ಲೇಸರಿನಿಂದ ಸುಟ್ಟರೆ ಗುರುತು ಅಳಿಯುತ್ತದೆ, ರೋಗ ಒಳಗೆ ಉಳಿಯುತ್ತದೆ, ಬಯಾಪ್ಸಿಗೆ ತುಂಡೂ ಸಿಗುವುದಿಲ್ಲ. ಭಾರತೀಯರಲ್ಲಿ ಮೆಲನೋಮ ಅಪರೂಪ. ಬಂದಾಗ ಹೆಚ್ಚಾಗಿ ಅಂಗಾಲಿನಲ್ಲಿ, ಉಗುರಿನ ಬುಡದಲ್ಲಿ ಬರುತ್ತದೆ. ಬರಿಗಾಲಿನಲ್ಲಿ ತೋಟ ಸುತ್ತುವವರು ಅಂಗಾಲಿನ ಹೊಸ ಕಪ್ಪು ಕಲೆಯನ್ನು ಆಣಿ ಎಂದುಕೊಂಡು ಸುಡಿಸಬಾರದು.

ಇಷ್ಟೆಲ್ಲ ತೂಗಿದ ಮೇಲೆ, ಬೆಳಕಿನಿಂದ ನಮ್ಮ ಊರಿನ ಜನರಿಗೆ ಆಗಬಹುದಾದ ಅತಿ ದೊಡ್ಡ ಉಪಕಾರ ಯಾವ ಫ್ಲೆಕ್ಸಿನಲ್ಲೂ ಕಾಣುವುದಿಲ್ಲ. ಅದು ಬಿಳಿ ತೊನ್ನಿನ ಚಿಕಿತ್ಸೆ. ಬಾಕುಚಿಯ ಬೀಜವನ್ನು ಬಿಸಿಲಿನ ಜೊತೆಗೆ ತೊನ್ನಿಗೆ ಬಳಸುವುದು ಆಯುರ್ವೇದಕ್ಕೆ ಬಹಳ ಹಿಂದೆಯೇ ಗೊತ್ತಿತ್ತು. ಅದರಲ್ಲಿರುವ ಸೋರಲಿನ್ ಗುಂಪಿನ ರಾಸಾಯನಿಕಗಳೇ 1970ರ ದಶಕದ ‘ಪೂವಾ’ ಚಿಕಿತ್ಸೆಯ ಆಧಾರವಾದವು. ಪೂವಾ ಅತಿನೇರಳೆ ಕಿರಣದ ಚಿಕಿತ್ಸೆ, ಮತ್ತು ದೀರ್ಘಕಾಲ ಅದನ್ನು ಪಡೆದ ಅಮೆರಿಕದ ಬಿಳಿಯ ರೋಗಿಗಳಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಾದದ್ದು ನಿಜ. ಈಗ ಅದರ ಜಾಗಕ್ಕೆ 311 ನ್ಯಾನೋಮೀಟರಿನ ಕಿರಿದಾದ ಪಟ್ಟಿಯ ಯುವಿಬಿ ಬಂದಿದೆ. ಪೂವಾದಂತೆ ಸೋರಲಿನ್ ಮಾತ್ರೆ ಬೇಡ, ಬಸುರಿಯರಿಗೂ ಮಕ್ಕಳಿಗೂ ಕೊಡಬಹುದು, ಕ್ಯಾನ್ಸರ್ ಹೆಚ್ಚಿದ ಸ್ಪಷ್ಟ ಪುರಾವೆ ಈವರೆಗಿನ ಅಧ್ಯಯನಗಳಲ್ಲಿಲ್ಲ. ಇಲ್ಲಿ ಬೆಳಕು ಬಣ್ಣವನ್ನು ಅಳಿಸುವುದಿಲ್ಲ. ಕೂದಲ ಬುಡದಲ್ಲಿ ಉಳಿದಿರುವ ಬಣ್ಣದ ಕೋಶಗಳನ್ನು ಎಬ್ಬಿಸಿ ಬಿಳಿ ಜಾಗಕ್ಕೆ ಕಳಿಸುತ್ತದೆ. ಮುಖದ ಕಲೆ ಚೆನ್ನಾಗಿ ತುಂಬುತ್ತದೆ, ಬೆರಳ ತುದಿ ಮತ್ತು ತುಟಿ ಕಷ್ಟ. ಇದು ಸೌಂದರ್ಯದ ಚಿಕಿತ್ಸೆಯೋ ಕಾಯಿಲೆಯ ಚಿಕಿತ್ಸೆಯೋ ಎಂದು ವಾದಿಸುವವರು, ತೊನ್ನಿನಿಂದಾಗಿ ಮುರಿದ ಮದುವೆ ಮಾತುಕತೆಗಳನ್ನು ಒಮ್ಮೆ ನೆನೆಯಬೇಕು. ಈ ಚಿಕಿತ್ಸೆಯ ಕಷ್ಟ ಒಂದೇ: ವಾರಕ್ಕೆ ಎರಡು ಮೂರು ಸಲ, ಕನಿಷ್ಠ ಆರು ತಿಂಗಳು, ಪ್ರತಿ ಸಲವೂ ಕೆಲವೇ ನಿಮಿಷ. ಆ ಕೆಲವು ನಿಮಿಷಕ್ಕಾಗಿ ಕಡಬದ ರಬ್ಬರ್ ಟ್ಯಾಪಿಂಗ್ ಕೆಲಸಗಾರನೋ ಬೀಡಿ ಕಟ್ಟುವ ಹೆಂಗಸೋ ವಾರದಲ್ಲಿ ಎರಡು ದಿನದ ಕೂಲಿ ಬಿಟ್ಟು ಮಂಗಳೂರಿನ ಬಸ್ಸು ಹತ್ತಬೇಕಾದರೆ ಎರಡನೆಯ ತಿಂಗಳಿಗೆ ಚಿಕಿತ್ಸೆ ನಿಲ್ಲುತ್ತದೆ. ಪುತ್ತೂರಿನಂಥ ತಾಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆ, ಒಂದು ಯುವಿಬಿ ಪೆಟ್ಟಿಗೆ, ಪ್ರಮಾಣ ಬರೆದಿಡಲು ತರಬೇತಾದ ಒಬ್ಬ ದಾದಿ, ತಿಂಗಳಿಗೆರಡು ಸಲ ಬಂದು ನೋಡುವ ಚರ್ಮವೈದ್ಯರು ಇದ್ದರೆ ಸಾಕು. ಕಡಬ, ಉಪ್ಪಿನಂಗಡಿಯ ರೋಗಿ ಬೆಳಿಗ್ಗೆ ಬಂದು ಬೆಳಕು ಹಿಡಿಸಿಕೊಂಡು ಮಧ್ಯಾಹ್ನದ ಕೆಲಸಕ್ಕೆ ಹಿಂತಿರುಗಬಹುದು. ಶಾಸಕರ ಮುಂದೆ, ಆರೋಗ್ಯ ಇಲಾಖೆಯ ಮುಂದೆ ನಾವು ಇಡಬೇಕಾದ ಬೇಡಿಕೆ ಇದು.